ಅವ್ವಿಗೊಂದು ಸೀಟು

ಗಾಜಿನ ಬಾಗಿಲು ತಳ್ಳಿ ಒಳಗೆ ಬಂದವನ ಮುಖ ನೋಡಿದ್ದೇ ತಡ, ಪೂಜಾಳ ಕೈಯಲ್ಲಿದ್ದ ಪೆನ್ನು ಜಾರಿ ಬಿತ್ತು.

ಅವನೇ! ಬಿಣಗಾ ಬಸ್‌ಸ್ಟಾಪಿನಲ್ಲಿ ಆ ಸಂಜೆ ಸ್ಟಿಯರಿಂಗ್ ಹಿಡಿದು ಕೂತಿದ್ದವನು... ಎಲ್ಲವನ್ನೂ ಕೇಳಿಸಿಕೊಂಡವನು!

ಪೂಜಾ ಕಾರವಾರದ ಪಿಕಪ್ ಶೋರೂಮಿನಲ್ಲಿ ಸೇಲ್ಸ್ ಹುಡುಗಿ. ಊರು ಅಂಕೋಲೆಯ ಹತ್ತಿರ ಶೆಟಗೇರಿ. ಅವಳ ಅವ್ವಿ ತಿಮ್ಮಿ ಮನೆಗಳ ಸ್ಲ್ಯಾಬ್ ಹಾಕುವ ಕೆಲಸಕ್ಕೆ ಹೋಗುತ್ತಾಳೆ, ಸಿಮೆಂಟಿನ ಬುಟ್ಟಿ ಹೊತ್ತು ಏಣಿ ಹತ್ತುತ್ತಾಳೆ. ಈ ಸಂಗತಿ ಶೋರೂಮಿನಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗಲು ಪೂಜಾ ಬಿಟ್ಟರೆ ತಾನೆ?

ಆ ಸಂಜೆ ಕಾಂಕ್ರೀಟ್ ಮಿಕ್ಸರ್ ಎಳೆದುಕೊಂಡು ಬಂದ ಬಾಡಿಗೆ ಪಿಕಪ್ಪೊಂದು ಬಸ್‌ಸ್ಟಾಪಿನ ಎದುರು ನಿಂತಿತ್ತು. ತೆರೆದ ಹಿಂಬದಿಯಲ್ಲಿ ನಿಂತ ಹೆಂಗಸರ ನಡುವೆ, ಮೈಯೆಲ್ಲ ಸಿಮೆಂಟಿನ ಧೂಳು ಮೆತ್ತಿಕೊಂಡ ತಿಮ್ಮಿ ಕೈಬೀಸಿ ಕೂಗಿದ್ದಳು.

"ಏ ಪೂಜೀ! ಹತ್ತೇ, ಒಟ್ಟಿಗೇ ಮನೀಗೆ ಹೋಗುವಾ!"

ಪಕ್ಕದಲ್ಲಿ ನಿಂತಿದ್ದ ಶೋರೂಮಿನ ಗೆಳತಿ ನಮಿತಾ ಕೇಳಿದಳು, "ಯಾರೇ ಅದು?"

"ಗೊತ್ತಿಲ್ವೇ... ಬೇರೆ ಯಾರನ್ನೋ ಕರೀತಿರ್ಬೇಕು!"

ಅಯ್ಯೋ ಪೂಜಾ! ಹೆತ್ತ ತಾಯಿ ಕಣೇ!

ತಿಮ್ಮಿ ಬೀಸಿದ ಕೈಯನ್ನು ಮೆಲ್ಲಗೆ ಇಳಿಸಿಕೊಂಡಳು. ಮನೆಗೆ ಬಂದ ಮೇಲೂ ಆ ಸುದ್ದಿ ಎತ್ತಲಿಲ್ಲ. ಮೀನುಸಾರು ಬಡಿಸಿ, "ಉಣ್ಣು" ಎಂದಳು, ಅಷ್ಟೇ. ಬೈದಿದ್ದರೆ ಪೂಜಾಳಿಗೆ ಎಷ್ಟೋ ಹಗುರಾಗುತ್ತಿತ್ತು.

ಈಗ ಎದುರಿಗೆ ಅವನೇ!

"ನಾ ಶಿವಾನಂದ. ಸ್ಲ್ಯಾಬ್ ಹಾಕೂ ಕಂತ್ರಾಟು ನಂದು. ಮಿಕ್ಸರ್ ಎಳೂಕೆ ಸ್ವಂತದ್ದೊಂದು ಪಿಕಪ್ ಬೇಕಾಗಿತ್ತು," ಎಂದ ಅವನು. ಮುಖದಲ್ಲಿ ಗುರುತಿನ ಸುಳಿವೇ ಇಲ್ಲ.

'ಬೇಕೆಂದೇ ಬಂದಿದ್ದಾನೆ... ಎಲ್ಲರೆದುರು ನನ್ನ ಮಾನ ಕಳೆಯಲು!' ಪೂಜಾ ಮಾಡೆಲ್‌ಗಳ ಪಟ್ಟಿಯನ್ನು ಅವನತ್ತ ತಳ್ಳಿದಳು. ಬೇಗ ಸಾಗಹಾಕಿದರೆ ಸಾಕಿತ್ತು.

"ಹಿಂದೆ ಟೋಯಿಂಗ್ ಹುಕ್ ಹಾಕಿಸಿಕೊಡ್ತೇವೆ ಸರ್. ನಿಮಗೆ ಬೇಸ್ ಮಾಡೆಲ್ ಸಾಕು. ಸಿಂಗಲ್ ಕ್ಯಾಬಿನ್ ತಗೊಳ್ಳಿ, ಹಿಂದೆ ಜಾಗ ಜಾಸ್ತಿ."

"ಹುಕ್ ಗಟ್ಟಿದೇ ಹಾಕಿ. ಆದ್ರೆ ನಂಗೆ ಡಬಲ್ ಕ್ಯಾಬಿನ್ನೇ ಬೇಕು, ಎರಡು ಸಾಲು ಸೀಟು, ಏಸಿ ಇದ್ದದ್ದು. ಕೆಲಸದ ಹೆಂಗಸ್ರು ಕೂತ್ಕಣುಕೆ."

"ಅವರು ಹಿಂದೆ ನಿಂತ್ಕೋತಾರಲ್ಲ ಸರ್! ಎಲ್ಲ ಕಡೆ ಹಾಗೇ..."

ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡಳು. ಹಿಂದೆ ನಿಲ್ಲುವವಳು ಯಾರು? ಅವ್ವಿ!

ಶಿವಾನಂದ ಸಿಟ್ಟಾಗಲಿಲ್ಲ. ದನಿ ತಗ್ಗಿಸಿ ಹೇಳಿದ, "ಹಿಂದೆ ನಿಂತ್ರೆ ಮೈಯೆಲ್ಲ ಧೂಳು ಮೇಡಂ. ಸ್ವಂತ ಮಕ್ಕಳಿಗೂ ಗುರ್ತು ಸಿಗುದಿಲ್ಲ. ಅದ್ರಲ್ಲಿ ಮಕ್ಕಳದ್ದೆಂತಾ ತಪ್ಪು?"

ಮಾನ ಕಳೆಯಲು ಬಂದವನಲ್ಲ ಇವನು! ಅವಳ ಮಾನ ಮುಚ್ಚಲು ನೋಡುತ್ತಿದ್ದಾನೆ... ಪೂಜಾಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಧೂಳಲ್ಲ..." ಅವಳು ತಲೆಯೆತ್ತಿ ಅವನನ್ನು ನೋಡಿದಳು. "ನನಗೆ ಗುರುತು ಸಿಕ್ಕಿತ್ತು."

"ಗೊತ್ತದೆ. ಅದು ನಂಗೆ ಹೇಳುವ ಮಾತಲ್ಲ," ಎಂದು ಅವನು ಎದ್ದ.

ಅಷ್ಟಾದರೂ ಅವ್ವಿಯ ಎದುರು ತಪ್ಪೊಪ್ಪಿಕೊಳ್ಳಲು ಅವಳಿಗೆ ಬಾಯಿ ಬರಲಿಲ್ಲ. ದಿನಾ ಹೇಳಬೇಕೆಂದುಕೊಳ್ಳುವುದು, ದಿನಾ ಉಂಡು ಮಲಗುವುದು!

ಗಾಡಿ ಕೊಡುವ ದಿನ ಬಂತು. ಡಬಲ್ ಕ್ಯಾಬಿನ್ ಪಿಕಪ್ಪಿಗೆ ಹಾರ, ಚಕ್ರದಡಿಗೆ ಲಿಂಬೆಹಣ್ಣು. ಮ್ಯಾನೇಜರ್ ದೇವಿದಾಸ ಕೇಳಿದ, "ಕೀಲಿ ಯಾರ ಕೈಗೆ ಕೊಡೋದು ಸರ್?"

"ನಮ್ಮ ತಿಮ್ಮಕ್ಕನ ಕೈಗೆ."

ಅವನ ಜೊತೆ ಬಂದು ಬಾಗಿಲ ಹೊರಗೇ ಮುದುಡಿ ನಿಂತಿದ್ದ ತಿಮ್ಮಿ ಬೆಚ್ಚಿದಳು. ಕೀಲಿ ಹಿಡಿದು ನಿಂತಿದ್ದ ಮಗಳತ್ತ ಒಮ್ಮೆ ನೋಡಿ, ಯಾರೋ ಪರಿಚಯವೇ ಇಲ್ಲದವಳ ಹಾಗೆ ಕಣ್ಣು ತಿರುಗಿಸಿದಳು.

"ಬ್ಯಾಡ ತಮಾ, ನಾ ಇಲ್ಲೇ ನಿಂತ್ಕಣ್ತೆ. ಕೀಲಿ ಶಿವಾನಂದಂಗೇ ಕೊಡಿ... ಮೇಡಂ."

ಮೇಡಂ! ಮಗಳ ಸುಳ್ಳನ್ನು ಉಳಿಸಲು ಅವ್ವಿ ಮಗಳನ್ನೇ ಮೇಡಂ ಎಂದಳು!

"ಅವ್ವೀ!" ಪೂಜಾ ಓಡಿ ಹೋಗಿ ತಬ್ಬಿಕೊಂಡಳು. "ನಮಿತಾ, ಇವಳು ನಮ್ಮವ್ವಿ! ಅವತ್ತು ಕರೆದದ್ದೂ ಇವಳೇ. ಗೊತ್ತಿದ್ದೇ ಸುಳ್ಳು ಹೇಳಿದೆ ನಾನು... ತಪ್ಪಾಯ್ತೇ ಅವ್ವೀ!"

"ಸುಮ್ನಿರೇ, ಎಲ್ಲಾ ನೋಡ್ತ್ರು."

"ನೋಡ್ಲಿ!"

ತಿಮ್ಮಿ ಒರಟು ಕೈಯಿಂದ ಮಗಳ ಕಣ್ಣೊರೆಸಿದಳು. ಆಮೇಲೇ ಕೀಲಿ ತೆಗೆದುಕೊಂಡಳು.

ತಿಮ್ಮಿ ಹಿಂದಿನ ಸೀಟಿನಲ್ಲಿ ಕೂತ ಮೇಲೆ ಪೂಜಾ ಶಿವಾನಂದನ ಹತ್ತಿರ ಬಂದಳು. "ನನ್ನ ಮೇಲೆ ಅಸಹ್ಯ ಆಗ್ಲಿಲ್ವಾ ನಿಮಗೆ?"

"ಸಿಟ್ಟು ಬಂದಿತ್ತು, ಖರೆ. ಆದ್ರೆ ಗಾಡಿ ಮರೆ ಆಗೂವರೆಗೂ ನೀವು ಗೆಳತಿಗೆ ಕಾಣದ ಹಂಗೆ ಅಳ್ತಾ ನಿಂತಿದ್ರಿ. ಕನ್ನಡೀಲಿ ಕಂಡೆ... ಅವತ್ತಿಂದ ಮನಸು ನಿಮ್ಮ ಹತ್ರವೇ ಅದೆ." ಮತ್ತೆ ನೇರವಾಗಿಯೇ ಕೇಳಿದ, "ನನ್ನ ಮದ್ವೆ ಆಗ್ತ್ರಾ?"

"ಇಂಥವಳನ್ನಾ?!"

"ಹೌದು, ಇವಳನ್ನೇ." ಅವನು ಮುಂದಿನ ಬಾಗಿಲು ತೆರೆದ. "ಬನ್ನಿ, ಕೂತ್ಕಣಿ."

ಪೂಜಾ ಆ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಹಿಂದೆ ಹೋಗಿ ಅವ್ವಿಗೆ ಒತ್ತಿ ಕೂತಳು.

"ಇವತ್ತು ಅವ್ವಿ ಹತ್ರ. ಅವತ್ತು ಕರೆದಾಗ ಹತ್ತಿರ್ಲಿಲ್ಲ ನೋಡಿ..."

"ಹಂಗಾದ್ರೆ ಮುಂದಿನ ಸೀಟು?"

ಅವಳ ಒದ್ದೆ ಕಣ್ಣಲ್ಲಿ ನಗು ಬಂತು. "ಬೇರೆ ಯಾರನ್ನೂ ಕೂರಿಸ್ಬೇಡಿ!"