ಉಳಿದವರ ದೀಪ

ಪುರಸಭೆಯ ಪರದೆಯ ಮೇಲೆ ಕೆಂಪು ದೀಪಗಳು ಒಂದೊಂದಾಗಿ ಆರುತ್ತಿದ್ದವು. ಸೋಮವಾರ ಹನ್ನೊಂದು ಸಾವಿರ ಇದ್ದವು. ಬುಧವಾರಕ್ಕೆ ಮುನ್ನೂರಾದವು. 2061ರ ಆ ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ ಉಳಿದದ್ದು ಒಂದೇ ಒಂದು, ಅದು ಮಾತ್ರ ಜಪ್ಪಯ್ಯ ಅಂದರೂ ಆರಲಿಲ್ಲ.

ಹಿರೇಕೊಳ್ಳದ ಜನ ಐದು ದಿನಗಳಿಂದ ಒಂದೇ ಆದೇಶವನ್ನು ಕೂಡಿ ಬರೆಯುತ್ತಿದ್ದರು. ಯಾರು ಬೇಕಾದರೂ ಫೋನಿನಲ್ಲಿ ತಮ್ಮ ಮಾತಿನಲ್ಲೇ ಹೇಳಬಹುದಿತ್ತು. ಯಂತ್ರ ಅದನ್ನು ಕರಡಿನಲ್ಲಿ ಸೇರಿಸಿ, ಎದುರುಮಾತನ್ನು ಪಕ್ಕದಲ್ಲೇ ಇಟ್ಟು, ಎಲ್ಲರಿಗೂ ತೋರಿಸುತ್ತಿತ್ತು. ಇಷ್ಟು ಮಾಡುವ ಸಾಧನಗಳು ಹಿಂದೆಯೂ ಇದ್ದವು. ಡಾ. ಸಂಹಿತಾ ಕಲಘಟಗಿ ಕಂಡುಹಿಡಿದದ್ದು ದೀಪವನ್ನು. ಆ ಯಂತ್ರ ಆದೇಶದ ಪ್ರತಿ ಸಾಲನ್ನೂ ಬಿಡಿಸಿ, ಅದು ಯಾರ ಹೊತ್ತನ್ನು, ಯಾರ ದುಡಿಮೆಯನ್ನು ಮುಟ್ಟುತ್ತದೆ ಎಂದು ಅಂದಾಜು ಮಾಡುತ್ತಿತ್ತು. ಹಾಗೆ ಮುಟ್ಟಿಸಿಕೊಂಡೂ ಇನ್ನೂ ಮಾತನಾಡದವರಿಗೆ ಒಂದೊಂದು ದೀಪ. ಸುಮ್ಮನಿದ್ದವರ ಹೆಸರು ಸರ್ಕಾರಕ್ಕೆ ತಿಳಿಯಬಾರದೆಂದು ಅದು ಹೆಸರು ಹೇಳುತ್ತಿರಲಿಲ್ಲ, ಸಾಲನ್ನಷ್ಟೇ ತೋರಿಸುತ್ತಿತ್ತು. ಒಂದು ದೀಪ ಉರಿಯುತ್ತಿದ್ದರೂ ಆದೇಶ ಸಹಿ ತೆಗೆದುಕೊಳ್ಳುತ್ತಿರಲಿಲ್ಲ.

ಈ ಯೋಚನೆ ಅವಳಿಗೆ ಬಂದದ್ದು ಪ್ರಯೋಗಾಲಯದಲ್ಲಲ್ಲ, ಸೋದರಮಾವನ ಮದುವೆಯಲ್ಲಿ. ಕೊನೆಯ ಪಂಕ್ತಿ ಎದ್ದ ಮೇಲೆ ಹಿರಿಯರೊಬ್ಬರು ಚಪ್ಪರದ ಸುತ್ತ ತಿರುಗಿ, "ಉಣ್ಣೋದು ಯಾರರ ಉಳಿದೀರೇನ್ರೋ?" ಎಂದು ಕೂಗಿದ್ದರು. ಆ ಒಂದು ಪ್ರಶ್ನೆಯನ್ನು ಯಂತ್ರಕ್ಕೆ ಕಲಿಸಲು ಅವಳಿಗೆ ಹದಿನಾಲ್ಕು ವರ್ಷ ಹಿಡಿಯಿತು.

ಕರಡು ದೊಡ್ಡದೇನಲ್ಲ. ನದಿಯ ನೀರನ್ನು ಎಲ್ಲ ವಾರ್ಡುಗಳಿಗೂ ಬೆಳಗಿನ ಐದು ಗಂಟೆಗೇ ಬಿಡಬೇಕು ಎಂಬುದು ಅದರ ಮೂರನೆಯ ಸಾಲು. ರೊಟ್ಟಿ ಮಾಡುವವರು, ಗರಡಿಯವರು, ಗಂಟಲು ಹರಿಯುವಂತೆ ಜಗಳಾಡಿದವರು, ಎಲ್ಲರೂ ಕೊನೆಗೆ ಒಪ್ಪಿದ್ದರು. ನಿವೃತ್ತ ಮೇಷ್ಟ್ರೊಬ್ಬರು ಹನ್ನೊಂದು ಕಡೆ ಅಲ್ಪವಿರಾಮ ಹಾಕಿಸಿದ್ದರು. ದೀಪ ಉರಿಯುತ್ತಿದ್ದದ್ದು ಆ ಮೂರನೆಯ ಸಾಲಿನ ಪಕ್ಕದಲ್ಲೇ.

ನಾಲ್ಕಕ್ಕೆ ಇಲಾಖೆಯ ಕಾರ್ಯದರ್ಶಿ ಬರುವವರಿದ್ದರು. ಅಷ್ಟರೊಳಗೆ ಸಹಿಯಾದರೆ ಯಂತ್ರ ರಾಜ್ಯದ ಎಲ್ಲ ಊರಿಗೂ ಹೋಗುತ್ತದೆ, ಇಲ್ಲದಿದ್ದರೆ ಗೋದಾಮಿಗೆ.

"ಊರಿಗೊಂದು ದಾರಿ ಆದ್ರ ಎಡವಟ್ಟಗೊಂದು ದಾರಿ" ಎಂದು ಮುಖ್ಯಾಧಿಕಾರಿ ರಿಯಾಜ್ ನದಾಫ್ ಪರದೆಯನ್ನು ದಿಟ್ಟಿಸಿದರು. "ಮೇಡಂ, ಅದನ್ನ ಆರಿಸೋ ಕೀಲಿ ನಿಮ್ಮ ಹತ್ರ ಐತಲ್ಲ?"

"ಐತ್ರಿ. ಯಂತ್ರ ಕೆಟ್ಟಾಗ ಬಳಸಾಕ. ಈಗೇನು ಕೆಟ್ಟಿಲ್ಲ."

"ಒಂದ ದೀಪಕ್ಕ ಹದಿನಾಕು ವರ್ಷ ಹಾಳು ಮಾಡ್ಕೋತೀರೇನು?"

ಸಂಹಿತಾ ಕಿಸೆ ಮುಟ್ಟಿ ನೋಡಿಕೊಂಡು ಹೊರಬಿದ್ದಳು. ಕೀಲಿ ಕಿಸೆಯಲ್ಲೇ ಇತ್ತು, ಆಸೆಯೂ ಇತ್ತು. ಹೊರಗೆ ಊರೇ ಹುಡುಕಾಟಕ್ಕೆ ಇಳಿದಿತ್ತು. ಒಬ್ಬನಂತೂ ತನ್ನ ಅಜ್ಜಿಯನ್ನು ಆಟೊದಲ್ಲಿ ಕೂರಿಸಿಕೊಂಡು ತಂದಿದ್ದ. "ನಾ ಆಗಲೇ ಮೂರ ಸಲ ಮಾತಾಡೀನಿ, ಬಿಡೋ" ಎಂದು ಅಜ್ಜಿ ಬೈಯುತ್ತಿದ್ದಳು. ಮೂರನೆಯ ಸಾಲು ನೀರಿನದು, ಆದ್ದರಿಂದ ನೀರಿನ ಹಿಂದೆಯೇ ಹೋಗೋಣ ಎಂದುಕೊಂಡ ಸಂಹಿತಾ ಟ್ಯಾಂಕಿನಿಂದ ಪೈಪು ಹಿಡಿದು ನಡೆದಳು.

ಮೂರನೆಯ ತಿರುವಿನಲ್ಲಿ ಒಂದು ಗುಂಡಿ. ಅದರೊಳಗೆ ಸೊಂಟದ ತನಕ ಇಳಿದು, ಉದ್ದನೆಯ ಕಬ್ಬಿಣದ ಕೀಲಿಯಿಂದ ವಾಲ್ವ್ ತಿರುಗಿಸುತ್ತಿದ್ದಳು ಊರಿನ ನೀರುಗಂಟಿ ದ್ಯಾಮವ್ವ. ವಾಲ್ವುಗಳಿಗೆ ಎರಡು ಸಲ ತಂತಾನೇ ತೆರೆಯುವ ಯಂತ್ರ ಕೂಡಿಸಿದ್ದರು, ಎರಡೂ ಸಲ ಹೂಳು ಅವನ್ನು ನುಂಗಿತ್ತು. ದ್ಯಾಮವ್ವನನ್ನು ಮಾತ್ರ ನುಂಗಲು ಆಗಿರಲಿಲ್ಲ.

"ನೀವು ಮಾತಾಡೀರೇನವ್ವಾ?" ಎಂದು ಸಂಹಿತಾ ಕೇಳಿದಳು.

"ನಾನ್ಯಾಕ್ರಿ? ಅದು ಊರ ಮಂದಿಗೆ. ನಾ ಪುರಸಭೆಯಾಕಿ."

ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. ಸಂಹಿತಾ ಗುಂಡಿಯ ಅಂಚಿನಲ್ಲಿ ಕುಳಿತೇಬಿಟ್ಟಳು. "ಎಲ್ಲಾ ವಾರ್ಡಿಗೂ ಐದಕ್ಕ ನೀರು ಬಿಡಾಕ ಆಗ್ತೈತೇನು?"

"ವಾಲ್ವು ಒಂಬತ್ತು, ಕೈ ಎರಡು. ಈ ತುದಿಯಿಂದ ಆ ತುದಿಗೆ ನಡಿಯಾಕ ನಲವತ್ತು ಮಿನಿಟು. ಆಳು ಹಚ್ಚಿ ಎಲ್ಲಾ ಒಮ್ಮೆಲೇ ತೆಗದ್ರೂ ಮಸೀದಿ ಮೂಲಿ ಹಳೇ ಪೈಪು ಒಡೀತೈತಿ."

"ಗೊತ್ತಿದ್ದೂ ಸುಮ್ನಿದ್ರಿ?"

"ಯಾರೂ ಕೇಳಲಿಲ್ರಿ. ಆರ್ಡರ್ ಬಂದ್ರ ಬಿಡತಿದ್ದೆ. ಒಡೀತಿತ್ತು, ರಿಪೇರಿ ಮಾಡತಿದ್ದೆ."

ಸಂಹಿತಾ ನಕ್ಕು, ತನ್ನ ಯಂತ್ರ ಹುಟ್ಟಿದ ಮದುವೆಯ ಕತೆ ಹೇಳಿದಳು. ದ್ಯಾಮವ್ವ ಗುಂಡಿಯಿಂದ ಮೇಲೆ ಬಂದು ಸೆರಗಿಗೆ ಕೈ ಒರೆಸಿಕೊಂಡಳು.

"ಛಲೋ ಐತ್ರಿ. ಆದ್ರ ಅಡಿಗಿ ಮಾಡಿದಾಕಿ ಉಂಡಾಳೋ ಇಲ್ಲೋ ಅಂತ ಆ ಹಿರ್ಯಾ ಕೇಳಿದ್ನೇನು?"

ಕೇಳಿರಲಿಲ್ಲ. ಹದಿನಾಲ್ಕು ವರ್ಷ ಸಂಹಿತಾಳಿಗೂ ಅದು ಹೊಳೆದಿರಲಿಲ್ಲ. ಯಂತ್ರಕ್ಕೆ ಹೊಳೆದಿತ್ತು. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು.

ದ್ಯಾಮವ್ವ ಫೋನಿನಲ್ಲಿ ಮಾತಾಡಿದಳು. ಐದಕ್ಕೆ ಶುರುಮಾಡಿ ಒಂದೊಂದೇ ವಾರ್ಡಿಗೆ ಬಿಡುತ್ತ ಬರಬೇಕು, ಇಂದು ಕೊನೆಯಾದ ವಾರ್ಡು ನಾಳೆ ಮೊದಲಾಗಬೇಕು. ದೀಪ ಆರಿತು. ಸಾಲು ಬದಲಾಯಿತಲ್ಲ, ಮರುಕ್ಷಣವೇ ನಾಲ್ಕು ಸಾವಿರ ಹೊಸ ದೀಪಗಳು ಹತ್ತಿಕೊಂಡವು! ಗಂಟೆ ನಾಲ್ಕಕ್ಕೆ ಹತ್ತು ನಿಮಿಷ ಕಡಿಮೆ. ಪುರಸಭೆಯಲ್ಲಿ ನದಾಫರು ತಲೆಯ ಮೇಲೆ ಕೈ ಹೊತ್ತು ಕುಳಿತರು.

ಕಾರ್ಯದರ್ಶಿ ಬಂದಾಗ ಪರದೆ ಕೆಂಪಗೆ ಕಾದಿತ್ತು. ಸಂಹಿತಾ ಕೀಲಿಯನ್ನು ಮೇಜಿನ ಮೇಲಿಟ್ಟು, ಮದುವೆಯ ಆ ಪ್ರಶ್ನೆಯಿಂದ ಹಿಡಿದು ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು.

"ಇನ್ನೆಷ್ಟು ಹೊತ್ತು?" ಎಂದು ಕಾರ್ಯದರ್ಶಿ ಗಡಿಯಾರ ನೋಡಿಕೊಂಡರು.

"ಚಾ ಕುಡೀರಿ ಸಾಹೇಬ್ರ, ಅಷ್ಟ್ರಾಗ ಆಗ್ತೈತಿ" ಎಂದಳು ಬಾಗಿಲಲ್ಲಿ ನಿಂತಿದ್ದ ದ್ಯಾಮವ್ವ.

ನೀರುಗಂಟಿ ಹೀಗೆ ಹೇಳಿದ್ದಾಳೆ ಎಂಬ ಸುದ್ದಿ ಫೋನಿನಿಂದ ಫೋನಿಗೆ ಹಾರಿತು. ನೀರು ಬಾರದ ದಿನ ಅವಳ ಬಾಗಿಲು ಬಡಿಯದವರು ಆ ಊರಿನಲ್ಲಿ ಯಾರಿದ್ದರು? ಹೌದಲ್ಲ, ಅವಳನ್ನೇ ಕೇಳಲಿಲ್ಲವಲ್ಲ ಎಂದು ನಾಲಗೆ ಕಚ್ಚಿಕೊಂಡು ಜನ ಒಪ್ಪಿಗೆ ಹೇಳಿದರು. ಒಪ್ಪದ ನಾಲ್ವರು ಗಟ್ಟಿಯಾಗಿಯೇ ಒಪ್ಪಲಿಲ್ಲ, ಅವರ ಮಾತೂ ಆದೇಶದ ಕೆಳಗೆ ದಾಖಲಾಯಿತು. ಕಾರ್ಯದರ್ಶಿ ಮೂರನೆಯ ಕಪ್ ಚಹಾ ಮುಗಿಸುವ ಹೊತ್ತಿಗೆ ಪರದೆ ಖಾಲಿಯಾಗಿತ್ತು. ಅವರೇ ಎದ್ದು ನದಾಫರ ಕೈಗೆ ಪೆನ್ನು ಕೊಟ್ಟರು.

ಯಂತ್ರ ರಾಜ್ಯವನ್ನೆಲ್ಲ ಸುತ್ತಿತು. ಎರಡು ವರ್ಷದ ಬಳಿಕ ಸಿಡಿಲು ಬಡಿದು ಹಿರೇಕೊಳ್ಳದ ಪರದೆ ಒಂದು ವಾರ ಕೆಟ್ಟು ನಿಂತಿತು. ವಾಚನಾಲಯದ ವೇಳೆ ಬದಲಿಸುವ ಸಣ್ಣ ಆದೇಶವೊಂದಕ್ಕೆ ಸಹಿ ಹಾಕಬೇಕಿದ್ದ ನದಾಫರು ಪೆನ್ನು ಎತ್ತಿದವರು ಮತ್ತೆ ಕೆಳಗಿಟ್ಟರು. ದೀಪವಿರಲಿಲ್ಲ. ಆದರೂ ಕೇಳಿದರು: "ಯಾರು ಉಳಿದ್ರು?"

"ವಾಚನಾಲಯದ ಕಸ ಹೊಡಿಯೋ ನೀಲವ್ವ, ಸಾಹೇಬ್ರ" ಎಂದ ಜವಾನ.

ಅವಳನ್ನು ಕರೆಯಲು ಜವಾನ ಹೋದಾಗ ನದಾಫರು ಹಳೆಯ ಕಡತಗಳನ್ನು ತಿರುವಿಹಾಕತೊಡಗಿದರು. ಮೂವತ್ತೈದು ನಲವತ್ತು ವರ್ಷಗಳ ಹಿಂದಿನ, ಹಳದಿಗಟ್ಟಿದ ಪತ್ರಿಕಾ ಪ್ರಕಟಣೆಯೊಂದು ಕೈಗೆ ಬಂತು. ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ, 'ಆಕ್ಷೇಪಣೆಗಳಿದ್ದಲ್ಲಿ ಮೂವತ್ತು ದಿನಗಳೊಳಗಾಗಿ ಲಿಖಿತವಾಗಿ ಸಲ್ಲಿಸತಕ್ಕದ್ದು' ಎಂದಿತ್ತು. ಅದರ ಬೆನ್ನಿಗೆ ಒಂದೇ ಒಂದು ಪತ್ರವೂ ಇರಲಿಲ್ಲ.

ನದಾಫರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಷ್ಟರಲ್ಲಿ ನೀಲವ್ವ ಬಂದು ನಿಂತಿದ್ದಳು. ಅವರು ಅವಳಿಗೆ ಕುರ್ಚಿ ಎಳೆದುಕೊಟ್ಟು, ಕಾಗದ ತೋರಿಸಿ ಕೇಳಿದರು:

"ಆಗಿನ ಕಾಲದಾಗೂ ಮದುವಿ ಊಟದಾಗ 'ಯಾರರ ಉಳಿದೀರೇನು' ಅಂತ ಕೇಳತಿದ್ರಲ್ಲ, ಬೇ?"