ಚಾಗವ್ವೆಯ ಬಲ ಹೋದದ್ದು

ಎಲ್ಲೋ, ಯಾವಾಗಲೋ, ಮನುಷ್ಯರ ಆರು ಗುಣ ತೂಗಿ ಕೆಲಸ ಕೊಡುವ ರಾಜ್ಯವೊಂದಿತ್ತು. ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ಚೆಲುವು. ಬಲ ಹದಿನೈದು ತೂಗಿದರೆ ವೀರ, ಬುದ್ಧಿ ಹದಿನೈದು ತೂಗಿದರೆ ಮಂತ್ರವಾದಿ. ಯಾವುದಕ್ಕೂ ಸಲ್ಲದವರು ವಿದೂಷಕರು. ಮಾತಾಡುವ ತಕ್ಕಡಿ ಹೇಳಿದ್ದೇ ಕೊನೆ. ರಾಜನೂ ತುಟಿ ಪಿಟಕ್ಕೆನ್ನುವಂತಿರಲಿಲ್ಲ.

ಅಲ್ಲಿನ ವೀರರಲ್ಲಿ ಚಾಗವ್ವೆ ಒಬ್ಬಳು. ಗುಣಚೋರನೆಂಬ ಮಾಂತ್ರಿಕ ಅವಳ ಅಣ್ಣ ಕೇತಯ್ಯನನ್ನು ಹೊತ್ತೊಯ್ದ. ಅಮಾವಾಸ್ಯೆಗೆ ಅವನ ಗುಣಗಳನ್ನೆಲ್ಲ ಹೀರಿ ಕಲ್ಲು ಮಾಡುವವನಿದ್ದ. ಅಟ್ಟಿಸಿಕೊಂಡು ಹೋದವಳಿಗೆ ಸೀಸೆಯೊಂದನ್ನು ತೋರಿಸಿ, "ನಿನ್ನ ಬಲ ಇದರೊಳಗೆ ಬರಲಿ!" ಎಂದು ಕೂಗಿ ಮಾಯವಾದ.

ಶುರುವಾಯಿತು ನೋಡಿ ಪಜೀತಿ! ಉಣ್ಣಲು ಕೂತರೆ ಅರ್ಧ ತಟ್ಟೆ ಹಾಗೇ ಉಳಿಯುವುದು. ನೇರ ನಡೆದರೂ ತಿರುಗಿ ತಿರುಗಿ ಮನೆ ಬಾಗಿಲಿಗೇ ಬರುವಳು. ಒಂದು ಕೈ ಎಲ್ಲಿ ಹೋಯಿತೆಂದೇ ತಿಳಿಯದು. "ನನಗೇನಾಗಿದೆಯಪ್ಪಾ?" ಎಂದು ತಲೆ ಕೆಟ್ಟು ತಕ್ಕಡಿಯ ಹತ್ತಿರ ಹೋದಳು.

"ಬಲ ಸೊನ್ನೆ," ಎಂದಿತು ತಕ್ಕಡಿ.

ಚಾಗವ್ವೆ ಗರಡಿಯ ಗುಂಡನ್ನು ಎಡಗೈಯೊಂದರಲ್ಲೇ ಎತ್ತಿ ತೋರಿಸಿದಳು. "ಇದೇನು ತಿಪ್ಪಣ್ಣಾ, ಹತ್ತಿಯೇ?"

ತೂಕದ ತಿಪ್ಪಣ್ಣ ಮುಖ ಸಣ್ಣದು ಮಾಡಿದ. "ನೀನು ಎತ್ತಿದ್ದು ನಿಜ ಕಣವ್ವಾ. ಆದರೆ ತಕ್ಕಡಿ ಒಪ್ಪಬೇಕಲ್ಲ?" ಎಂದು ಕತ್ತಿ ಕಿತ್ತುಕೊಂಡು ವಿದೂಷಕರ ಗೆಜ್ಜೆ ಕಟ್ಟಿದ.

ಅವಮಾನದಿಂದ ಅವಳ ಕಣ್ಣು ತುಂಬಿತು. ಆದರೆ ಅಮಾವಾಸ್ಯೆ ಅವಳಿಗಾಗಿ ಕಾಯುತ್ತದೆಯೇ? ಗೆಜ್ಜೆ ಕಟ್ಟಿಕೊಂಡೇ, ಸುತ್ತಿ ಸುತ್ತಿ ಹೇಗೋ ಮಾಂತ್ರಿಕನ ಕಾಡು ಸೇರಿದಳು.

ಕಾಡಿನ ಮೊದಲ ಕವಲಲ್ಲಿ ಬಲಕ್ಕೆ ಹೂವಿನ ಹಾದಿ, ಎಡಕ್ಕೆ ಹುಲಿ. ಹೂವಿನ ಹಾದಿ ಹಿಡಿದ ವೀರರೆಲ್ಲ ಕಲ್ಲಾಗಿ ನಿಂತಿದ್ದರು. ಚಾಗವ್ವೆಗೆ ಹೂವು ಕಂಡರೆ ತಾನೇ! "ಇರುವುದೊಂದೇ ದಾರಿ, ಸರಿಯೋ ಮಾರಾಯ," ಎಂದಳು. ಹೀಗೆ ಯಾರೂ ಗದರಿರದ ಹುಲಿ ಗಲಿಬಿಲಿಗೊಂಡು ಸರಿಯಿತು. ಎರಡನೆಯ ಕವಲಲ್ಲಿ ಬಲಕ್ಕೆ ತಂಪು ಕೊಳ, ಎಡಕ್ಕೆ ಬೆಂಕಿ. ಬೈದುಕೊಂಡು ಬೆಂಕಿಗೇ ಕಾಲಿಟ್ಟಳು. ಅದು ಸುಡಲೇ ಇಲ್ಲ. ಮೂರನೆಯ ಕವಲಲ್ಲಿ ಬಲಕ್ಕೆ ಚಿನ್ನದ ಬಾಗಿಲು, ಎಡಕ್ಕೆ ಸ್ವತಃ ಗುಣಚೋರ.

"ಗೆಜ್ಜೆ ಕಟ್ಟಿಕೊಂಡು ಕುಣಿಯಲು ಬಂದೆಯೇನೇ?" ಎಂದು ನಕ್ಕು ಅವನು ಸೀಸೆಯನ್ನು ಗಟಗಟ ಕುಡಿದ. "ಈಗ ನಿನ್ನ ಬಲವೂ ನನ್ನದೇ!"

ಮಂತ್ರಕ್ಕೇನು ಗೊತ್ತು ಪಾಪ, ಬಲವೆಂದರೆ ಶಕ್ತಿಯೋ, ಬಲಗಡೆಯೋ? ಹೀರಿದ್ದು ಬಲಗಡೆಯನ್ನು. ಮಾಂತ್ರಿಕನ ಎರಡು ಕಾಲೂ ಬಲಗಾಲಾದವು. ನಾ ಮುಂದು ತಾ ಮುಂದು ಎಂದು ಎರಡೂ ಒಟ್ಟಿಗೇ ಎದ್ದವು. ಧೊಪ್ಪನೆ ಬಿದ್ದ.

ಚಾಗವ್ವೆ ಅವನ ಎದೆಯ ಮೇಲೆ ಕೂತಳು. "ಓಹೋ! ನನ್ನ ಶಕ್ತಿ ನನ್ನ ಹತ್ತಿರವೇ ಇತ್ತೇನೋ? ಕಕ್ಕೋ, ನುಂಗಿದ್ದನ್ನೆಲ್ಲ ಕಕ್ಕು!"

ಕಕ್ಕಿದ. ಯಾರ್ಯಾರದೋ ಬುದ್ಧಿ, ಯಾರ್ಯಾರದೋ ಚೆಲುವು, ಕೊನೆಗೆ ಅವಳ ಬಲಗಡೆ. ಎಲ್ಲ ಹೊರಬಿದ್ದ ಮೇಲೆ ಅವನದೆನ್ನುವುದು ಏನೂ ಉಳಿಯಲಿಲ್ಲ. ಅವಳ ಕೆಳಗೆ ಬರಿಯ ನಿಲುವಂಗಿಯಿತ್ತು. ಕಾಡಿನ ಕಲ್ಲುಗಳೆಲ್ಲ ಮೈಮುರಿದು ಎದ್ದು ಮನೆಗಳಿಗೆ ಹೋಗಿ ಸುಖವಾಗಿದ್ದವು.

ಚಾಗವ್ವೆ ಮಾತ್ರ ಎದ್ದವಳೇ, "ಅಣ್ಣಾ, ಎಲ್ಲಿದ್ದೀಯೋ?" ಎಂದು ಬಿಕ್ಕಿದಳು.

"ಇಲ್ಲೇ ಕಣೇ! ನೀನು ಬಂದಾಗಿನಿಂದ ಪಕ್ಕದಲ್ಲೇ ಕೂಗುತ್ತಿದ್ದೇನೆ."

ಅವಳು ಬಲಕ್ಕೆ ತಿರುಗಿದಳು.