ಎಕ್ಕಿಗಿಡದ ಸವತಿ

"ಅದನ್ನ ಅಳಸ್ರಿ."

ಏಣಿಯ ಮೇಲಿದ್ದವನು ತಿರುಗಿ ನೋಡಿದ. ದಸರಾ ರಜೆಗೆ ಶಹಾಪುರದ ಆ ಶಾಲೆ ಬಣಗುಡುತ್ತಿತ್ತು. ಅಂಗಳದಲ್ಲಿ ಬಿಸಿಲು ಬಿಟ್ಟರೆ ಇವರಿಬ್ಬರೇ. ಗೋಡೆಗೆ ಚಿತ್ರ ಬರೆಯಲು ರಂಗಂಪೇಟೆಯಿಂದ ಭೀಮು ಅನ್ನೋ ಪೇಂಟರ್ ಬರುತ್ತಾನೆ, ಬೀಗ ತೆಗೆದುಕೊಡಿ ಎಂದು ಹೆಡ್‌ಮಾಸ್ತರು ಫೋನ್ ಮಾಡಿದ್ದರು. ಬೀಗ ತೆಗೆದು ಮನೆಗೆ ಹೋಗಬೇಕಾದ ಶಾಂತಾದೇವಿ ಟೀಚರು ಗೋಡೆಯ ಮುಂದೆ ನಿಂತುಬಿಟ್ಟಿದ್ದಳು.

ಗೋಡೆಯ ಮೇಲೆ ಹೆಣ್ಣೊಬ್ಬಳು ಎರಡೂ ಕೈ ಹಿಂದಕ್ಕೆತ್ತಿ ತುರುಬಿಗೆ ಹೂವಿನ ದಂಡೆ ಸಿಕ್ಕಿಸುತ್ತಿದ್ದಾಳೆ. ಮೇಲೆ ಇಂಗ್ಲಿಷಿನಲ್ಲಿ 'ವೇರ್'. ಕೆಳಗೆ ಕನ್ನಡದಲ್ಲಿ 'ಧರಿಸು'.

"ಯಾಕ್ರಿ ಟೀಚರ್, ಕಾಗುಣಿತ ತಪ್ಪೈತೇನ್ರಿ? ಹೆಡ್‌ಮಾಸ್ತರ್ ಹೇಳಿದಂಗೇ ಬರದೀನ್ರಿ."

"ಕಾಗುಣಿತ ಬರೋಬ್ಬರಿ ಐತಿ. ನಿಮ್ಮ ಊರಾಗ ಯಾರರೆ ಹೂ ಧರಿಸ್ತಾರೇನ್ರಿ?"

ಅವನು ಕುಂಚದ ಹಿಂತುದಿಯಿಂದ ಕಿವಿ ಕೆರೆದುಕೊಂಡ. "ಇಲ್ರಿ. ಮುಡೀತಾರ."

"ಸೀರಿ?"

"ಉಡ್ತಾರ."

"ಕುಬಸ?"

"ತೊಡ್ತಾರ. ಬಳಿ ಇಡಿಸ್ಕೋತಾರ, ರುಮಾಲ ಸುತ್ತತಾರ, ಚಪ್ಪಲಿ ಮೆಟ್ತಾರ, ಕಣ್ಣಿಗೆ ಚಾಳೀಸ ಏರಿಸ್ತಾರ." ಒಂದೇ ಉಸಿರಿಗೆ ಹೇಳಿ ಹಲ್ಲು ಬಿಟ್ಟ. "ಟೋಪಿ ಮಾತ್ರ ಹಾಕ್ತಾರ್ರಿ. ನಾ ಇನ್ನೂ ಯಾರಿಗೂ ಹಾಕಿಲ್ಲ."

ನಗಬಾರದೆಂದು ಶಾಂತಾದೇವಿ ಗೇಟಿನ ಕಡೆ ಮುಖ ತಿರುಗಿಸಿದಳು. ತಿರುಗಿಸಿದ ಮೇಲೆ ನಕ್ಕಳು.

"ಹುಡುಗರಿಗೆ ಹಂಗೇ ಬರದುಕೊಡ್ರಿ. ಒಂದೊಂದಕ್ಕ ಒಂದೊಂದು ಚಿತ್ರ."

"ಒಂದು ಶಬ್ದಕ್ಕ ಇಷ್ಟಾದ್ರ ಗೋಡಿ ಸಾಲಂಗಿಲ್ರಿ."

"ಆ ಬದೀ ಗೋಡಿ ಖಾಲಿ ಐತಲ್ಲ. ಹೆಡ್‌ಮಾಸ್ತರಿಗೆ ನಾ ಹೇಳ್ತೀನಿ."

ಹೇಳಿದಳು ಕೂಡ. ಬೀಗ ತೆಗೆಯುವುದು ಒಂದು ಗಳಿಗೆಯ ಕೆಲಸ. ಆದರೆ ಮರುದಿನವೂ, ಅದರ ಮರುದಿನವೂ ಅವಳು ಬೇವಿನ ಗಿಡದ ಕೆಳಗೆ ಕುರ್ಚಿ ಹಾಕಿಕೊಂಡು ಪರೀಕ್ಷೆಯ ಪೇಪರು ತಿದ್ದುತ್ತ ಕುಳಿತಳು. ಮನೆಯಲ್ಲಿ ಫ್ಯಾನು ಕೆಟ್ಟಿದೆ ಎಂದು ತನಗೆ ತಾನೇ ನೆಪ ಹೇಳಿಕೊಂಡಳು. ಮಗಳು ರೇವತಿ ಅಂಗಳದ ತುಂಬ ಕುಂಟೆಬಿಲ್ಲೆ ಆಡುತ್ತಿದ್ದಳು. ಗೋಡೆಯ ಮೇಲೆ ದಿನಕ್ಕೊಂದು ಚಿತ್ರ ಏಳುತ್ತಿತ್ತು.

"ಟೀಚರ್, ಆ ಶಬ್ದ ಗಡ್ಡಕ್ಕೂ ಬರತೈತೇನ್ರಿ?"

"ಹೂಂ. ನಾವು ಗಡ್ಡ ಬಿಡ್ತೀವಿ, ಅವರಿಗೆ ಅದೂ ವೇರ್. ಅತ್ತರ ಹಚ್ಚಿದ್ರೂ ಅದೇ. ಮುಖದ ಮ್ಯಾಲಿನ ನಗಿಗೂ ಅದೇ."

"ನಗಿ ಹಾಕ್ಕೋತಾರೇನ್ರಿ ಇಂಗ್ಲಿಷಿನ ಮಂದಿ?"

"ನಾವು ಹಾಕ್ಕೊಳ್ಳಂಗಿಲ್ಲೇನು? ದಿನಾ ಮುಂಜಾನಿ ಸ್ಕೂಲಿಗೆ ಬರೂ ಮುಂದ ನಾನೂ ಹಾಕ್ಕೊಂಡೇ ಬರ್ತೀನಿ."

ಅವನು ಕುಂಚ ಒರೆಸಿದ. ಒರೆಸಿದ ಕುಂಚವನ್ನೇ ಮತ್ತೆ ಒರೆಸಿದ. ಆಮೇಲೆ ಏಣಿಯ ಮೇಲಿಂದಲೇ ಕತ್ತು ಬಗ್ಗಿಸಿ ಕೇಳಿದ.

"ಈಗಿಂದು ಹಾಕ್ಕೊಂಡದ್ದೋ, ಬಂದದ್ದೋ?"

ಪೇಪರಿನಲ್ಲಿ ಯಾವ ಹುಡುಗನಿಗೆ ಎಷ್ಟು ಅಂಕ ಕೊಟ್ಟಳೋ, ಅವಳಿಗೇ ಗೊತ್ತಾಗಲಿಲ್ಲ.

ಗಂಡ ಕಾಮಾಲೆಯಲ್ಲಿ ತೀರಿಹೋದಾಗ ರೇವತಿ ಇನ್ನೂ ಅಂಬೆಗಾಲಿಡುತ್ತಿದ್ದಳು. ಅಲ್ಲಿಂದ ಇಲ್ಲಿಯವರೆಗೆ ಶಾಂತಾದೇವಿಯ ಕಾಲಿಗೆ ಚಕ್ರ. ಕೋಳಿ ಕೂಗುವ ಮೊದಲೇ ರೊಟ್ಟಿ, ಡಬ್ಬಿ, ಶಾಲೆ, ಸಂಜೆ ಟ್ಯೂಷನ್, ಮಗಳ ಹೋಮ್‌ವರ್ಕ್. "ಸವದು ಹೋದೆವ್ವಾ" ಎಂದು ಅವಳು ಯಾರ ಮುಂದೂ ಅಂದವಳಲ್ಲ. ಆದರೆ ಚಪ್ಪಲಿಯ ತಳ ಸವೆದರೂ ಇಂಗ್ಲಿಷಿನಲ್ಲಿ ಇದೇ ಶಬ್ದ ಎಂದು ಹೇಳಿದಾಗ ಭೀಮು ತಟ್ಟನೆ ಕೇಳಿದ್ದ.

"ಮನಷ್ಯಾ ಸವದ್ರ?"

"ಅದಕ್ಕೂ."

"ಉಡೂದೂ ಅದೇ, ಸವೆಯೂದೂ ಅದೇ. ಎಂಥಾ ಭಾಷಿರಿ!"

"ಉಟ್ಟದ್ದು ಸವೀತದಲ್ರಿ. ಅವರದೂ ಸುಳ್ಳಲ್ಲ."

"ಪೆಟ್ಟಿಗ್ಯಾಗ ಮಡಿಚಿಟ್ಟದ್ದೂ ಸವೀತದ್ರಿ ಟೀಚರ್," ಎಂದ ಅವನು, ಮೆಲ್ಲಗೆ, ಗೋಡೆಗೆ ಹೇಳಿದ ಹಾಗೆ.

ಆ ಮಾತು ಅವಳ ಜೊತೆ ಮನೆಗೆ ಬಂತು. ಹಿಟ್ಟು ನಾದುವಾಗ ಬಂತು. ಮಗಳ ಜಡೆ ಹೆಣೆಯುವಾಗ ಎಳೆ ತಪ್ಪಿ ಮತ್ತೆ ಬಿಚ್ಚಿ ಹೆಣೆದಳು. "ಯವ್ವಾ, ಎಲ್ಲಿ ನೋಡಾಕತ್ತೀ?" ಎಂದಳು ರೇವತಿ.

ರಜೆ ಮುಗಿಯಿತು, ಗೋಡೆಯೂ ಮುಗಿಯಿತು. ಭೀಮು ಮಾತ್ರ ಬರುವುದು ಬಿಡಲಿಲ್ಲ. ಒಂದು ದಿನ ತೇವ ಏರೇತಿ ಅಂದ, ಒಂದು ದಿನ ಬಣ್ಣ ಬಿಳುಪೇರೇತಿ ಅಂದ. ಮೂರನೆಯ ಸಲ ಶಾಂತಾದೇವಿ ಸೊಂಟದ ಮೇಲೆ ಕೈಯಿಟ್ಟಳು.

"ಎಲ್ಲಿ ಬಿಳುಪೇರೇತಿ, ತೋರಸ್ರಿ ನೋಡೂಣು."

ಅವನು ಗೋಡೆಯನ್ನು ನೋಡಿದ, ಅವಳನ್ನು ನೋಡಿದ, ತನ್ನ ಬಣ್ಣದ ಡಬ್ಬಿಯನ್ನು ನೋಡಿದ.

"ಎಲ್ಲೂ ಏರಿಲ್ರಿ. ನಾ ಸುಳ್ಳು ಹೇಳಿ ಬರಾಕತ್ತೀನಿ." ಕಿವಿಯ ತುದಿಯವರೆಗೆ ಕೆಂಪಾಗಿದ್ದ. "ವಯಸ್ಸು ಮೂವತ್ತೈದಾತು. ಲಗ್ನ ಬ್ಯಾಡಂತ ಇದ್ದೆ. ಈಗ ಬ್ಯಾಡ ಅನಸವಲ್ದು. ರೇವತಿಗೆ ಅಪ್ಪಾಗೂದು ನನಗ ಬರತೈತೋ ಇಲ್ಲೋ. ಕಲೀತೀನ್ರಿ."

ಗಂಟೆ ಹೊಡೆಯಿತು. ಹುಡುಗರು ಹೋ ಎಂದು ಹೊರಗೆ ನುಗ್ಗಿದರು. ಆ ಗದ್ದಲದಲ್ಲೇ ಅವಳು ಅವಸರವಾಗಿ ಅಂದಳು. "ಕೊಂಕಲ್‌ನಾಗ ನಮ್ಮ ಸ್ವಾದರಮಾವ ಅಂಬ್ರಪ್ಪ ಅದಾನ. ತಂದಿ ಇಲ್ಲದಾಕಿಗೆ ಅವನೇ ಹಿರಿಯ. ಹೋಗಿ ಅವನ್ನ ಕೇಳ್ರಿ."

ಹುಡುಗರ ನಡುವೆ ಅವನ ಬೈಕು ಹಾರಿದಂತೆ ಹೋಯಿತು.

ಎರಡು ದಿನ ಅವಳಿಗೆ ನೆಲ ನಿಂತಲ್ಲಿ ನಿಲ್ಲಲಿಲ್ಲ. ರಸ್ತೆಯ ಮೇಲೆ ಯಾವ ಬೈಕಿನ ಸದ್ದಾದರೂ ಬೋರ್ಡಿನ ಮೇಲಿನ ಸೀಮೆಸುಣ್ಣ ನಿಲ್ಲುತ್ತಿತ್ತು. ಮೂರನೆಯ ದಿನ ಸಂಜೆ ಶಾಲೆ ಬಿಟ್ಟಾಗ ಅವನು ಗೇಟಿನ ಬಳಿ ನಿಂತಿದ್ದ. ಮುಖ ಹಬ್ಬದ ಹಾಗಿತ್ತು.

"ಹೂಂ ಅಂದಾನ್ರಿ ಮಾವ! ಉಡಿಕಿ ಮಾಡ್ಕೋ ಅಂದ. ಕತ್ತಲಾದ ಮ್ಯಾಲೆ ನಾಕು ಮಂದಿ ಹಿರೇರು, ಒಂದು ಸೀರಿ, ಮುಗೀತು. ಮತ್ತ..." ಇಲ್ಲಿ ಅವನಿಗೆ ನಗು ತಡೆಯಲಿಲ್ಲ. "ನಂದು ಮೊದಲನೇ ಲಗ್ನ ನೋಡ್ರಿ. ಅದಕ್ಕ ಆವತ್ತು ಮುಂಜಾನಿ ಎಕ್ಕಿಗಿಡಕ್ಕ ತಾಳಿ ಕಟ್ಟಬೇಕಂತ!"

ಅವಳು ನಗಲಿಲ್ಲ.

ಅವರ ಮಂದಿಯಲ್ಲಿ ಗಂಡ ಸತ್ತವಳಿಗೆ ಎರಡನೆಯ ಮದುವೆ ಇಲ್ಲ, ಉಡಿಕಿ ಉಂಟು. ಹಂದರವಿಲ್ಲ, ಬಾಜಾ ಇಲ್ಲ, ಅರಿಶಿನವಿಲ್ಲ. ಕತ್ತಲಲ್ಲಿ ಹೊಸ ಸೀರೆ ಉಡಿಸಿ ಕಳಿಸಿಬಿಡುವುದು. ಗಂಡು ಲಗ್ನವಾಗದವನಾದರೆ ಅವನ ಮೊದಲ ಲಗ್ನ ಗಿಡದೊಂದಿಗೆ ಆಗಬೇಕು. ಆ ಹೊತ್ತಿಗೆ ಮುತ್ತೈದೆಯರು ಅವಳ ಮುಖ ನೋಡುವಂತಿಲ್ಲ. ಆಮೇಲೆ ಬಾಳಿನುದ್ದಕ್ಕೂ ಯಾರ ಮದುವೆಯಲ್ಲೂ ಅವಳ ಕೈ ಅರಿಶಿನದ ಬಟ್ಟಲು ಮುಟ್ಟುವಂತಿಲ್ಲ. ನಾಳೆ ರೇವತಿಯ ಮದುವೆಯಲ್ಲೂ.

"ಅಂದ್ರ ಎಕ್ಕಿಗಿಡ ನಿಮ್ಮ ಹಿರೇ ಹೇಣ್ತಿ," ಎಂದಳು.

"ಅದೇನು ಬಿಡ್ರಿ, ಸುಮ್ನ ಶಾಸ್ತ್ರ..."

"ಗಿಡಕ್ಕ ಹಗಲಿ ತಾಳಿ. ನನಗ ಕತ್ತಲಾಗ ಸೀರಿ. ನಾ ಗಿಡದ ಸವತಿ ಆಗಬೇಕೇನ್ರಿ? ಅದೂ ಸಣ್ಣ ಸವತಿ?"

ಅವನ ಮುಖದ ಹಬ್ಬ ಒಂದೊಂದೇ ದೀಪ ಆರಿದಂತೆ ಆರಿತು.

"ಅದಕ್ಕ ನೀವೇನಂದ್ರಿ?" ಎಂದು ಅವಳು ಕೇಳಿದಳು.

"ಹೂಂ... ಅಂದೆ."

"ನನ್ನ ಕೇಳಲಾರದ?"

"ಅವರು ಒಪ್ಪಿದ್ದೇ ದೊಡ್ಡದನಸ್ತು. ಎಲ್ಲಿ ಬ್ಯಾಡಂದು ಬಿಡ್ತಾರೋ ಅಂತ ಹೆದರಿಕಿ..."

"ಹೆದರಿಕಿ ನಿಮಗಿತ್ತು. ಕತ್ತಲು ನನಗ ಬಂತು." ಅವಳು ಪಕ್ಕಕ್ಕೆ ಬಂದು ನಿಂತ ಮಗಳ ಕೈ ಹಿಡಿದಳು. "ಹೋಗಿ ಬರ್ರಿ ಪೇಂಟರ್ರ."

ಅವನ ಫೋನು ಬಂದಾಗಲೆಲ್ಲ ಕತ್ತರಿಸಿದಳು. ಕತ್ತರಿಸಿ, ಮತ್ತೆ ಬರುತ್ತದೇನೋ ಎಂದು ಕೈಯಲ್ಲೇ ಹಿಡಿದು ಕುಳಿತಳು. ಸಾರಿಗೆ ಎರಡು ಸಲ ಉಪ್ಪು ಬಿತ್ತು. ಅವನು ನಕ್ಕದ್ದು ನೆನೆದರೆ ಮೈ ಉರಿಯುತ್ತಿತ್ತು, ಕಲೀತೀನ್ರಿ ಅಂದದ್ದು ನೆನೆದರೆ ಅದೇ ಮೈ ಇಳಿಯುತ್ತಿತ್ತು. ಹೀಗೆ ಉರಿದು ಇಳಿದು ಸಾಕಾಗಿ, ಭಾನುವಾರ ರೇವತಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಸುರಪುರದ ಬಸ್ಸು ಹತ್ತಿದಳು. ಒಲ್ಲೆ ಎನ್ನುವುದನ್ನು ಅವನ ತಾಯಿಗೇ ಮುಖ ಕೊಟ್ಟು ಹೇಳಿಬಿಡಬೇಕು. ಆಮೇಲೆ ಆ ಮನೆಯ ಕಡೆ ಮನಸ್ಸಿಗೂ ದಾರಿ ಇರಬಾರದು.

ಸುರಪುರಕ್ಕೆ ಅಂಟಿದ ರಂಗಂಪೇಟೆಯ ಓಣಿಯಲ್ಲಿ ಭೀಮುನ ತಾಯಿ ದುರಗಮ್ಮ ಕಟ್ಟೆಯ ಮೇಲೆ ತೊಗರಿಬೇಳೆ ಕೇರುತ್ತಿದ್ದಳು. ತಲೆ ಎತ್ತಿ ನೋಡಿದವಳೇ ಅಂದಳು.

"ಬಾ ಯವ್ವಾ, ಟೀಚರ್ ಅಲ್ಲೇನು ನೀ? ಮೊದಲ ನೀರು ಕುಡಿ. ಒಲ್ಲೆನ್ನೂದು ಆಮ್ಯಾಲೆ ಅನ್ನುವಂತಿ."

ಶಾಂತಾದೇವಿ ನೀರು ಕುಡಿದಳು. ಆಮೇಲೆ ಹೇಳಿದಳು. "ನಿಮ್ಮ ಮಗನ ಮ್ಯಾಲೆ ನನಗ ಸಿಟ್ಟಿಲ್ರಿ ಅವ್ವಾರ. ಮನಸೂ ಐತಿ. ಆದ್ರ ಕಳ್ಳರಂಗ ಕತ್ತಲಾಗ ನಾ ಬರಂಗಿಲ್ಲ."

ಮೊರ ಒಂದೇ ಲಯದಲ್ಲಿ ಆಡುತ್ತಿತ್ತು. ಸ್ವಲ್ಪ ಹೊತ್ತು ಆಡಿ ನಿಂತಿತು.

"ನಾನೂ ಉಡಿಕಿ ಹೇಣ್ತೀನೇ," ಎಂದಳು ದುರಗಮ್ಮ. "ಆವತ್ತು ದೀಪ ಹಚ್ಚಗೊಡಲಿಲ್ಲ. ಯಾರೋ ಕೈಯಾಗ ಸೀರಿ ಇಟ್ರು, ಉಟ್ಟೆ. ಅದರ ಬಣ್ಣ ಯಾವುದಂತ ಮರುದಿನ ಮುಂಜಾನಿ ನೀರಿಗೆ ಹೋದಾಗ ನೋಡೀನಿ."

"ಯಾವ ಬಣ್ಣ ಇತ್ರಿ?"

"ದಾಳಿಂಬ್ರಿ ಹೂವಿಂದು. ಭಾಳ ಚಂದಿತ್ತು ಯವ್ವಾ. ಬಾವಿ ಹತ್ರ ನಿಂತು ಒಬ್ಬಾಕಿನೇ ನೋಡ್ಕೊಂಡೆ."

ಓಣಿಯಲ್ಲಿ ತಳ್ಳುಗಾಡಿಯವನು ಕೂಗುತ್ತ ಹೋದ. ದುರಗಮ್ಮ ಮೊರದಿಂದ ಕಲ್ಲೊಂದನ್ನು ಆರಿಸಿ ಎಸೆದಳು.

"ಖರೇ ಹೇಳ್ಲೇನು? ಉಡಿಕಿ ಅಂದಾಗ ನನಗ ಖುಷಿನೇ ಆತು. ಲಗ್ನ ಅಂದ್ರ ಅರಿಶಿಣ ಇರತೈತಿ. ಹೆತ್ತ ಮಗನಿಗೆ ಮಂದಿ ಹೆಂಗಸರು ಹಚ್ಚತಾರ, ನಾ ಬಾಗಲ ಮರಿಗೆ ನಿಂತು ನೋಡಬೇಕು. ಉಡಿಕ್ಯಾಗ ಅರಿಶಿಣನೇ ಇಲ್ಲ. ಛಲೋ ಆತು, ನೋಡೂ ಪಾಳಿ ತಪ್ಪಿತಂದೆ." ದುರಗಮ್ಮ ಬೇಳೆಯಲ್ಲಿ ಬೆರಳಾಡಿಸಿದಳು. "ನಿನ್ನ ಕತ್ತಲದಾಗ ನಾ ಅಡಗಿಕೊಳ್ಳಾಕ ನೋಡಿದೆ."

ಒಲ್ಲೆ ಎನ್ನಲು ಬಂದವಳ ನಾಲಿಗೆಯ ಮೇಲೆ ಬೇರೆಯೇ ಮಾತು ಬಂದಿತ್ತು. ಶಾಂತಾದೇವಿ ಆ ಮುದಿ ಕೈ ಹಿಡಿದುಕೊಂಡಳು.

"ಹಗಲಿ ಲಗ್ನ ಆದ್ರ ಅರಿಶಿಣ ನೀವೇ ಹಚ್ಚಬೇಕು. ಇಬ್ಬರಿಗೂ. ಇಲ್ಲಂದ್ರ ನನಗ ಆ ಲಗ್ನಾನೂ ಬ್ಯಾಡ."

"ಮಂದಿ ಏನಂದಾರು?"

"ಅಂದು ಊಟ ಮಾಡಿ ಹೋಗ್ತಾರ."

ದುರಗಮ್ಮನಿಗೆ ನಗು ಬಂತು, ನಗುವಿನ ಹಿಂದೆಯೇ ಅಳುವೂ ಬಂತು. ಸೆರಗಿನಿಂದ ಎರಡನ್ನೂ ಒರೆಸಿಕೊಂಡಳು.

ಬೈಕು ಬಂದು ನಿಂತದ್ದು ಆಗಲೇ. ಭೀಮು ಧೂಳು ಹೊದ್ದುಕೊಂಡವನ ಹಾಗೆ ಇದ್ದ. ಕಟ್ಟೆಯ ಮೇಲೆ ಅವಳನ್ನು ಕಂಡು ಇಳಿಯುವುದನ್ನೇ ಮರೆತ.

"ಎಲ್ಲಿ ಹೋಗಿದ್ಯೋ ಮುಂಜಾನಿಂದ?" ಎಂದಳು ತಾಯಿ.

"ಕೊಂಕಲ್‌ಗೆ." ಅವನ ಕಣ್ಣು ಶಾಂತಾದೇವಿಯ ಮೇಲೇ ಇತ್ತು. "ಹೂಂ ಅಂದದ್ದು ವಾಪಸ್ ತಗೊಂಡು ಬಂದೀನ್ರಿ. ಹಗಲಿ ಲಗ್ನ, ಇಲ್ಲಾಂದ್ರ ಇಲ್ಲ ಅಂದೆ. ನಿಮ್ಮ ಮಾವ ಭಾಳ ಬೈದ. ಹಂಗ ಮಾಡಿದ್ರ ನಾ ಬರಂಗಿಲ್ಲ ಅಂದ."

ಸಣ್ಣವಳಿದ್ದಾಗ ಅವಳನ್ನು ಎತ್ತಿ ಆಡಿಸಿದ ಮಾವ.

"ಬರ್ತಾನ," ಎಂದಳು ಶಾಂತಾದೇವಿ. "ಈಗಲ್ಲ. ರೇವತಿ ಹೋಗಿ ಕರದ್ರ ಬರ್ತಾನ. ಬರದಿದ್ರೂ ನಾ ನಿಲ್ಲಂಗಿಲ್ಲ."

"ಅಂದ್ರ... ನೀವು ಹೂಂ ಅಂದಂಗೇನ್ರಿ?"

"ಪಾಪ, ಆ ಗಿಡಕ್ಕ ಏನ್ ಹೇಳ್ತೀರಿ?"

"ಅದಕ್ಕ ನಾ ಮಾತು ಕೊಟ್ಟಿಲ್ರಿ. ಮಾತು ನಿಮಗ ಕೊಟ್ಟೀನಿ. ಕೊಟ್ಟದ್ದು ತಡಾ ಆತು, ಅಷ್ಟೇ."

ಆ ಹುಬ್ಬಿನ ಮೇಲಿನ ಧೂಳು ಒರೆಸಬೇಕೆಂದು ಅವಳ ಬೆರಳು ಚಡಪಡಿಸಿತು. ತಾಯಿ ಎದುರಿಗಿದ್ದಳು. ಕೈ ಮಡಿಲಲ್ಲೇ ಬಿಗಿದುಕೊಂಡಳು. ಅವನು ಅದನ್ನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು.

"ಬಸ್‌ಸ್ಟ್ಯಾಂಡ್ ತನಕ ಕಳಿಸಿ ಬಾರೋ," ಎಂದಳು ದುರಗಮ್ಮ ಮೊರ ಎತ್ತಿಕೊಳ್ಳುತ್ತ. "ಗಾಡಿ ಬ್ಯಾಡ. ನಡಕೋತ ಹೋಗ್ರಿ."

ನೆತ್ತಿಯ ಮೇಲೆ ಸೂರ್ಯ. ಓಣಿಯಲ್ಲಿ ನೆರಳೇ ಇರಲಿಲ್ಲ. ಬಾಗಿಲು ಬಾಗಿಲಿಗೂ ಕಣ್ಣು. ಭೀಮು ತಲೆ ತಗ್ಗಿಸಿ ಬಿರಬಿರನೆ ಮುಂದೆ ನಡೆದ. ಶಾಂತಾದೇವಿ ನಿಂತುಬಿಟ್ಟಳು. ಹೆಜ್ಜೆಯ ಸದ್ದು ನಿಂತದ್ದು ಕೇಳಿ ಅವನು ತಿರುಗಿದ, ಒಂದು ಗಳಿಗೆ ಅರ್ಥವಾಗದೆ ನೋಡಿದ, ಆಮೇಲೆ ವಾಪಸು ಬಂದು ಅವಳ ಪಕ್ಕಕ್ಕೆ ನಿಂತ. ಅಲ್ಲಿಂದ ಮುಂದೆ ಇಬ್ಬರ ಹೆಜ್ಜೆಗಳು ಒಂದೇ ಸಾಲಿಗೆ ಬಿದ್ದವು.

ಕಿರಾಣಿ ಅಂಗಡಿಯಿಂದ ಹಜರಾಬೀ ಕತ್ತು ಚಾಚಿದಳು. "ಏ ಭೀಮು, ಯಾರಪಾ ಇವರು?"

ಅವನು ಬಾಯಿ ತೆರೆದ. ಮುಚ್ಚಿದ. ಶಾಂತಾದೇವಿಯ ಕಡೆ ತಿರುಗಿ, "ಏನ್ ಹೇಳಲ್ರಿ?" ಎಂದ.

ಈ ಸಲ ಕೇಳಿದ್ದ.

ಅವಳು ಬಿಸಿಲಿಗೆ ಮುಖ ಎತ್ತಿ, ಓಣಿಗೆಲ್ಲ ಕೇಳುವಂತೆ ತಾನೇ ಅಂದಳು.

"ನಾನ್ರೀ, ಶಾಂತಾದೇವಿ. ಮುಂದಿನ ತಿಂಗಳ ನಮ್ಮಿಬ್ಬರ ಲಗ್ನ. ಮಧ್ಯಾಹ್ನಕ್ಕ. ನೀವೂ ಬರಬೇಕು."